ಅಜ್ಜಿಯ ಬೆಕ್ಕಿನ ಕಣ್ಣು, ಕೆಜಿಎಫ್‌ನ ದೊರೆ

ಪ್ರಶ್ನೆ: ನಮ್ಮದು ಕೆಜಿಎಫ್ ಮೂಲದ ಕ್ರೈಸ್ತ ಕುಟುಂಬ. ಅಮ್ಮನ ತಾಯಿ 1931ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ಹುಟ್ಟಿದವರು. ತುಂಬಾ ಬಿಳುಪು, ಬೆಕ್ಕಿನ ಕಣ್ಣು. ಅವರ ತಾಯಿ, ಅಂದರೆ ನನ್ನ ಮುತ್ತಜ್ಜಿ, ಗಣಿ ಸಾಹೇಬರ ಬಂಗಲೆಯಲ್ಲಿ ಆಯಾ ಆಗಿದ್ದರಂತೆ. ಅಜ್ಜಿಯ ಬಗ್ಗೆ ‘ಅವಳು ದೊರೆ ಮಗಳು’ ಅಂತ ಗಣಿ ಕಾರ್ಮಿಕರ ಲೈನಿನಲ್ಲೆಲ್ಲ ಮಾತಿತ್ತು. ಅಜ್ಜಿ ಈಗಿಲ್ಲ. ಅವರ ತಮ್ಮ ಇದ್ದಾರೆ, ವಯಸ್ಸು 88. ಅಮ್ಮನಿಗೆ 70. ಈ ವಿಷಯ ಎತ್ತಿದರೆ ಅಮ್ಮ ಎದ್ದು ಹೋಗುತ್ತಾರೆ. ಡಿಎನ್‌ಎ ಟೆಸ್ಟ್ ಮಾಡಿಸಿಬಿಡಲಾ?
– ಓದುಗರು, ಬಂಗಾರಪೇಟೆ

ಉತ್ತರ: ಮಾಡಿಸಬಹುದು, ಆದರೆ ಅದನ್ನು ಕೊನೆಗಿಡಿ. ಮೊದಲು ಹೋಗಿ ಆ 88 ವರ್ಷದ ತಾತನ ಪಕ್ಕ ಕೂತುಕೊಳ್ಳಿ. ಟೆಸ್ಟ್ ಮುಂದಿನ ವರ್ಷವೂ ಸಿಗುತ್ತದೆ. ಅವರ ನೆನಪು ಅಷ್ಟು ದಿನ ಕಾಯುತ್ತದೆ ಅಂತ ಹೇಳೋಕಾಗಲ್ಲ.

‘ಆ ದೊರೆ ಯಾರು?’ ಅಂತ ಮಾತ್ರ ಶುರು ಮಾಡಬೇಡಿ. ಮುತ್ತಜ್ಜಿಯ ಬಗ್ಗೆ ಕೇಳಿ. ಅವರ ಹೆಸರೇನು? ತವರು ಯಾವುದು, ಉತ್ತರ ಆರ್ಕಾಟೋ, ಚಿತ್ತೂರೋ, ಸೇಲಮ್ಮೋ? ಯಾವ ಬಂಗಲೆಯಲ್ಲಿ ಕೆಲಸ, ಬಿಟ್ಟಿದ್ದು ಯಾವಾಗ, ಮದುವೆ ಆಗಿದ್ದು ಯಾವ ಚರ್ಚಿನಲ್ಲಿ? ಇಂಥ ಪತ್ರಗಳು ನನಗೆ ಆಗಾಗ ಬರುತ್ತವೆ. ಹೆಚ್ಚಿನವುಗಳಲ್ಲಿ ಬಿಳಿ ಗಂಡಸಿನ ಹುಡುಕಾಟ ಇರುತ್ತದೆ, ಆ ಹೆಂಗಸಿನ ಹೆಸರೇ ಇರುವುದಿಲ್ಲ. ನಿಮ್ಮ ಪತ್ರದಲ್ಲೂ ಇಲ್ಲ. ಇದು ನನಗೆ ಪ್ರತಿ ಸಲವೂ ಬೇಸರ ತರಿಸುತ್ತದೆ. ಕೆಲಸದ ದೃಷ್ಟಿಯಿಂದಲೂ ಇದು ತಪ್ಪು ದಾರಿ. ಮುತ್ತಜ್ಜಿ ಎಲ್ಲಿದ್ದರು ಅಂತ ತಿಳಿಯದೆ ಬಂಗಲೆ ತಿಳಿಯಲ್ಲ, ಬಂಗಲೆ ತಿಳಿಯದೆ ದೊರೆ ತಿಳಿಯಲ್ಲ.

ಕಣ್ಣು, ಮೈಬಣ್ಣ ಪುರಾವೆ ಅಲ್ಲ. ಬೆಕ್ಕಿನ ಕಣ್ಣು ಯುರೋಪಿನ ನಂಟೇ ಇಲ್ಲದ ಮನೆಗಳಲ್ಲೂ ಬರುತ್ತದೆ. ಎಸ್‌ಎಲ್‌ಸಿ24ಎ5 ಅನ್ನುವ ಜೀನ್‌ನ ಒಂದು ರೂಪ ಮೈಬಣ್ಣವನ್ನು ತಿಳಿಯಾಗಿಸುತ್ತದೆ. ಅದು ಯುರೋಪಿನಲ್ಲಿ ತುಂಬಾ ಜಾಸ್ತಿ, ನಿಜ. ಆದರೆ ಅದೇ ರೂಪ ನಮ್ಮ ದೇಶದಲ್ಲೂ ಇಂಗ್ಲಿಷರು ಕಾಲಿಡುವ ಎಷ್ಟೋ ಮೊದಲಿನಿಂದ ಇದೆ.

ಇನ್ನು ‘ದೊರೆ’ ಅನ್ನುವ ಮಾತು. ಕೆಜಿಎಫ್‌ನಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೆಲಸ ಶುರು ಮಾಡಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು ಬಂದರು, ಇಟಲಿಯವರು ಬಂದರು. ಅವರ ಜೊತೆಗೆ ಆಂಗ್ಲೋ ಇಂಡಿಯನ್ನರಿದ್ದರು. ಲೈನಿನ ಜನರ ಬಾಯಲ್ಲಿ ಇವರಲ್ಲಿ ಯಾರು ಬೇಕಾದರೂ ದೊರೆ ಆಗಿರಬಹುದು. ಇದನ್ನು ತಲೆಯಲ್ಲಿಟ್ಟುಕೊಳ್ಳಿ, ಆಮೇಲೆ ಲೆಕ್ಕಕ್ಕೆ ಬೇಕಾಗುತ್ತದೆ.

ಈಗ ಕಾಗದ. ನಿಮ್ಮ ಅಜ್ಜಿಯ ದೀಕ್ಷಾಸ್ನಾನದ ದಾಖಲೆ ಸಿಕ್ಕರೆ ಅದೇ ದೊಡ್ಡ ಸಾಕ್ಷಿ. ಇಲ್ಲಿದ್ದ ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡ್) ಪಾದ್ರಿಗಳು ತಮ್ಮ ರಿಜಿಸ್ಟರಿನ ನಕಲನ್ನು ಮದ್ರಾಸಿಗೆ ಕಳಿಸುತ್ತಿದ್ದರು, ಅಲ್ಲಿಂದ ಅದು ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮದ್ರಾಸಿನ ದಾಖಲೆಗಳಿಗೆ ‘ಎನ್/2’ ಅಂತ ಗುರುತು. ಫೈಂಡ್‌ಮೈಪಾಸ್ಟ್ ವೆಬ್‌ಸೈಟಿನಲ್ಲಿ ದುಡ್ಡು ಕೊಟ್ಟು ಹುಡುಕಬಹುದು. ಫ್ಯಾಮಿಲಿಸರ್ಚ್ ವೆಬ್‌ಸೈಟ್ ಮತ್ತು ಫಿಬಿಸ್ (ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳ ಇತಿಹಾಸ ಹುಡುಕುವ ಸಂಸ್ಥೆ) ಪಟ್ಟಿಗಳು ಉಚಿತ. ನೀವು ಕ್ಯಾಥೊಲಿಕರಾಗಿದ್ದರೆ ಮೊದಲು ಊರಿನ ಚರ್ಚಿಗೇ ಹೋಗಿ. ಮೂಲ ರಿಜಿಸ್ಟರ್ ಅಲ್ಲೇ ಇರುತ್ತದೆ.

ಸಿಕ್ಕಿದಾಗ ಬರೀ ತಂದೆಯ ಹೆಸರು ನೋಡಿ ಮುಚ್ಚಿಬಿಡಬೇಡಿ. ಆ ಸಾಲಿನಲ್ಲಿ ಹುಟ್ಟಿದ ದಿನ ಬೇರೆ, ನೀರು ಹಾಕಿದ (ದೀಕ್ಷಾಸ್ನಾನದ) ದಿನ ಬೇರೆ ಇರುತ್ತದೆ. ನಡುವಿನ ಅಂತರ ವಾರಗಳದ್ದಾ, ವರ್ಷಗಳದ್ದಾ? ತಂದೆಯ ಜಾಗ ಖಾಲಿಯಾ? ಲ್ಯಾಟಿನ್‌ನಲ್ಲಿ ‘ಪಾಟರ್ ಇಗ್ನೋಟಸ್’, ಅಂದರೆ ತಂದೆ ಗೊತ್ತಿಲ್ಲ ಅಂತ ಬರೆದಿದೆಯಾ? ಸಾಕ್ಷಿಯಾಗಿ ನಿಂತವರು ಯಾರು? ನಾನೊಮ್ಮೆ ಒಂದು ಹಳೆಯ ರಿಜಿಸ್ಟರಿನಲ್ಲಿ ಮೂವರು ಮಕ್ಕಳಿಗೆ ಒಂದೇ ದಿನ ನೀರು ಹಾಕಿದ್ದನ್ನು ಕಂಡೆ. ದೊಡ್ಡವಳಿಗೆ 7 ವರ್ಷ. ತಾಯಿಯ ಹೆಸರು ಒಂದೇ ಪದ, ಅದೂ ಮೂರು ಸಾಲಿನಲ್ಲಿ ಮೂರು ತರಹ ಬರೆದಿತ್ತು. ತಂದೆಯ ಕಡೆ ಗೆರೆ ಎಳೆದಿತ್ತು. ಸಾಕ್ಷಿಯ ಜಾಗದಲ್ಲಿ ಮಾತ್ರ ಮೂರೂ ಸಲ ಒಬ್ಬನೇ ಇಂಗ್ಲಿಷಿನವ. ಅಷ್ಟರಿಂದ ಅವನೇ ತಂದೆ ಅಂತ ಹೇಳೋಕಾಗಲ್ಲ. ಆದರೆ ಮುಂದೆ ಯಾವ ಹೆಸರಿನ ಬೆನ್ನು ಹತ್ತಬೇಕು ಅಂತ ಗೊತ್ತಾಯಿತು.

ಹೆಸರು ಸಿಕ್ಕಿದ ಮೇಲೆ ಆ ಮನುಷ್ಯ 1930, 31ರಲ್ಲಿ ಕೆಜಿಎಫ್‌ನಲ್ಲಿದ್ದನಾ ಅಂತ ನೋಡಬೇಕು. ಬ್ರಿಟನ್ನಿಂದ ಹಡಗು ಹತ್ತಿದವರ ಪಟ್ಟಿ 1890ರಿಂದ, ಹಿಂತಿರುಗಿ ಇಳಿದವರ ಪಟ್ಟಿ 1878ರಿಂದ ಇದೆ. ಎರಡೂ 1960ರವರೆಗೆ ಸಿಗುತ್ತವೆ. ಅಜ್ಜಿ ಹುಟ್ಟುವ ಒಂಬತ್ತು ತಿಂಗಳ ಹಿಂದೆ ಅವನು ರಜೆಯ ಮೇಲೆ ಬ್ರಿಟನ್ನಿನಲ್ಲಿದ್ದರೆ ಆ ಹೆಸರು ಬಿಟ್ಟುಬಿಡಿ.

ಕೊನೆಗೆ ಡಿಎನ್‌ಎ. ಬರೀ ತಾಯಿಯ ಕಡೆಯ ಮೈಟೊಕಾಂಡ್ರಿಯಾ ಟೆಸ್ಟ್ ಮಾಡಿಸಿದರೆ ದುಡ್ಡು ದಂಡ. ಅದು ಮುತ್ತಜ್ಜಿಯ ತಾಯಿ, ಅವರ ತಾಯಿ ಅಂತ ಹೆಣ್ಣಿನ ಸಾಲಿನಲ್ಲಷ್ಟೇ ಹಿಂದೆ ಹೋಗುತ್ತದೆ. ನಿಮಗೆ ಬೇಕಾದದ್ದು ಆಟೋಸೋಮಲ್ ಟೆಸ್ಟ್, ಅಂದರೆ ತಂದೆ, ತಾಯಿ ಎರಡೂ ಕಡೆಯ ಪೂರ್ವಜರಿಂದ ಬಂದ ಪಾಲನ್ನು ನೋಡುವ ಟೆಸ್ಟ್. ಮುತ್ತಜ್ಜ ಪೂರ್ತಿ ಯುರೋಪಿನವನಾಗಿದ್ದರೆ ಅಮ್ಮನಲ್ಲಿ ಆ ಪಾಲು ಸುಮಾರು 25%, ನಿಮ್ಮಲ್ಲಿ 12.5%. ಅವನು ಅರ್ಧ ಪಾಲಿನ ಆಂಗ್ಲೋ ಇಂಡಿಯನ್ ಆಗಿದ್ದರೆ ಎರಡೂ ಅರ್ಧಕ್ಕಿಳಿಯುತ್ತವೆ. ಪ್ರತಿ ತಲೆಮಾರಿಗೂ ಹೀಗೆ ಕರಗುವುದರಿಂದ ಹಿರಿಯರ ಟೆಸ್ಟ್‌ಗೇ ಬೆಲೆ ಜಾಸ್ತಿ. ಒಂದೆರಡು ಪರ್ಸೆಂಟ್ ‘ಯುರೋಪಿಯನ್’ ಅಂತ ಬಂದರೆ ಅದನ್ನು ನಂಬಬೇಡಿ. ಯುರೋಪಿನವರಿಗೂ ನಮಗೂ ಸಾವಿರಾರು ವರ್ಷ ಹಿಂದಿನ ಸಮಾನ ಪೂರ್ವಜರಿದ್ದಾರೆ, ಲೆಕ್ಕ ಅಲ್ಲಿ ಎಡವುತ್ತದೆ.

ಇದಕ್ಕಿಂತ ಗಟ್ಟಿ ದಾರಿ ನಿಮ್ಮ ಮನೆಯಲ್ಲೇ ಇದೆ. ಅಮ್ಮ ಮತ್ತು ಆ ತಾತ ಇಬ್ಬರೂ ಒಪ್ಪಿದರೆ ಇಬ್ಬರದನ್ನೂ ಹೋಲಿಸಿ. ಅಜ್ಜಿ, ತಾತ ಒಂದೇ ತಂದೆ ತಾಯಿಯ ಮಕ್ಕಳಾದರೆ ಅಮ್ಮನಿಗೂ ಅವರಿಗೂ ಸುಮಾರು 25% ಹೊಂದಬೇಕು. ತಂದೆ ಬೇರೆ ಬೇರೆ ಆಗಿದ್ದರೆ ಅದು 12.5%ರ ಆಸುಪಾಸಿಗೆ ಬರುತ್ತದೆ. ಒಂದು ಎಚ್ಚರಿಕೆ: ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಮಾಮೂಲು. ನಿಮ್ಮಲ್ಲಿ ಹಾಗೆ ಆಗಿದ್ದರೆ ಹೊಂದಾಣಿಕೆ ಲೆಕ್ಕಕ್ಕಿಂತ ಮೇಲೆ ಕಾಣುತ್ತದೆ. ಯಾರಿಗೆ ಯಾರನ್ನು ಕೊಟ್ಟರು ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಅಮ್ಮನಿಗೆ ಹೇಳದೆ ಟೆಸ್ಟ್ ಮಾಡಿಸಬೇಡಿ, ದಯವಿಟ್ಟು. ಅವರು ಹುಡುಗಿಯಾಗಿದ್ದಾಗ ಲೈನಿನಲ್ಲಿ ಆ ಮಾತು ಕೇಳಿದ್ದು ಕುತೂಹಲವಾಗಿ ಅಲ್ಲ, ಬೈಗುಳವಾಗಿ. ಬಂಗಲೆಯ ಆಯಾಗೆ ಸಾಹೇಬನಿಗೆ ‘ಬೇಡ’ ಅನ್ನುವ ಧೈರ್ಯ ಎಷ್ಟಿದ್ದೀತು ಅಂತ ಅವರಿಗೆ ಗೊತ್ತಿರಬಹುದು. ಅಜ್ಜಿಯ ಅಡುಗೆ, ಅಜ್ಜಿಯ ಸೀರೆ, ಅಜ್ಜಿಯ ಶಾಲೆ ಅಂತ ಕೇಳುತ್ತಾ ಹೋಗಿ. ಅವರಾಗಿ ಹೇಳುವವರೆಗೆ ಕಾಯಿರಿ.

ಪ್ರಶ್ನೆ: ನಮ್ಮ ಮನೆತನದ ಹೆಸರು ಪಿಂಟೊ. ಹಾಗಾಗಿ ನಮ್ಮಲ್ಲಿ ಪೋರ್ಚುಗೀಸ್ ರಕ್ತ ಇದೆ ಅಂತ ಚಿಕ್ಕಪ್ಪ ಹೇಳುತ್ತಾರೆ. ನಿಜವಾ?
– ಓದುಗರು, ಮಂಗಳೂರು

ಉತ್ತರ: ಹೆಸರೊಂದರಿಂದಲೇ ಹಾಗೆ ಹೇಳಲಾಗದು. ಗೋವಾದಲ್ಲಿ ಮತಾಂತರವಾಗಿ ಆಮೇಲೆ ನಿಮ್ಮ ಕಡೆ ಬಂದ ಕುಟುಂಬಗಳು ದೀಕ್ಷೆ ಕೊಟ್ಟ ಪಾದ್ರಿಯದೋ, ಸಾಕ್ಷಿಯಾಗಿ ನಿಂತ ಪೋರ್ಚುಗೀಸನದೋ ಹೆಸರನ್ನು ಇಟ್ಟುಕೊಂಡವು. ‘ನಾವು ಹಿಂದೆ ಪ್ರಭು ಮನೆತನದವರು’, ‘ನಾವು ಕಾಮತರು’ ಅನ್ನುವ ನೆನಪು ಇಂದಿಗೂ ಎಷ್ಟೋ ಮನೆಗಳಲ್ಲಿದೆ. ಚಿಕ್ಕಪ್ಪನನ್ನು ಅದನ್ನೂ ಕೇಳಿ. ಕರಾವಳಿಯ ಕಾಗದ 1784ರ ಆಚೆಗೆ ಸಿಗುವುದು ಕಷ್ಟ. ಟಿಪ್ಪು ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಚರ್ಚುಗಳೂ ನಾಶವಾದವು.

ಹೆಸರು ತಂದೆಯಿಂದ ಮಗನಿಗೆ ಬರುತ್ತದೆ, ವೈ ಕ್ರೋಮೊಸೋಮ್ ಕೂಡ ಹಾಗೆಯೇ. ಆದ್ದರಿಂದ ನಿಮಗೆ ವೈ ಟೆಸ್ಟ್ ಸರಿ. ಚಿಕ್ಕಪ್ಪನೇ ಮಾಡಿಸಿದರೂ ಸಾಕು. ಪೋರ್ಚುಗಲ್‌ನ ಅರ್ಧಕ್ಕಿಂತ ಜಾಸ್ತಿ ಗಂಡಸರು ಆರ್1ಬಿ ಅನ್ನುವ ವೈ ಗುಂಪಿನವರು (ಗುಂಪು ಅಂದರೆ ಗಂಡಿನ ಸಾಲಿನಲ್ಲಿ ಒಬ್ಬನೇ ಪೂರ್ವಜನಿಂದ ಬಂದವರು), ನಮ್ಮ ಕಡೆ ಅದು ಅಪರೂಪ. ಗುಂಪು ಯಾವುದು ಬಂತು ಅಂತ ಬರೆದು ತಿಳಿಸಿ.