ನ್ಯಾಟ್‌ಟೇಬಲ್‌ನಲ್ಲಿ ಕ್ಲಿಕ್ ಮಾಡಿದ ಕಾಲಮ್ ಒಂದು, ಸಿಗುವ ಮೌಲ್ಯ ಇನ್ನೊಂದರದು ಏಕೆ?

ಜಾವಾದ ಟೇಬಲ್ ಲೈಬ್ರರಿಯಾದ ನ್ಯಾಟ್‌ಟೇಬಲ್‌ನಲ್ಲಿ, ದಾಖಲೆ ಅಳಿಸುವ ಮೆನುವಿಗಾಗಿ ಬಲ ಕ್ಲಿಕ್ ಮಾಡಿದಾಗ ಸಿಗುವ ಕಾಲಮ್ ಪೊಸಿಷನ್‌ನಿಂದ 1 ಕಳೆದು, ಮೌಲ್ಯಗಳನ್ನು ಒದಗಿಸುವ ಡೇಟಾ ಪ್ರೊವೈಡರ್‌ಗೆ ಕೊಡುತ್ತಿದ್ದೀರಿ, ಮೊದಮೊದಲು ಅದು ಸರಿಯಾಗಿತ್ತು, ಬಳಕೆದಾರರು ಕಾಲಮ್‌ಗಳನ್ನು ಸರಿಸಿದ ಮೇಲೆ ಬೇರೆಯದೇ ಮೌಲ್ಯ ಬರುತ್ತಿದೆ ಎಂದು ಬರೆದಿದ್ದೀರಿ. ಆ 1 ಕಳೆಯುವ ಸಾಲನ್ನು ಮೊದಲು ತೆಗೆದುಹಾಕಿ. ರೋಗದ ಮೂಲ ಅಲ್ಲಿದೆ.

ನ್ಯಾಟ್‌ಟೇಬಲ್‌ನಲ್ಲಿ ಪೊಸಿಷನ್ ಬೇರೆ, ಇಂಡೆಕ್ಸ್ ಬೇರೆ. ಇಂಡೆಕ್ಸ್ ಎಂಬುದು ಡೇಟಾದಲ್ಲಿ ಆ ಕಾಲಮ್‌ಗೆ ಇರುವ ಗುರುತು. ಪೊಸಿಷನ್ ಎಂಬುದು ಒಂದು ನಿರ್ದಿಷ್ಟ ಲೇಯರ್‌ನಲ್ಲಿ (ಟೇಬಲ್ ಕಟ್ಟಲು ಒಂದರ ಮೇಲೊಂದು ಜೋಡಿಸಿದ ಪದರಗಳಲ್ಲಿ ಒಂದರಲ್ಲಿ) ಆ ಕಾಲಮ್ ಎಷ್ಟನೆಯದಾಗಿ ಕುಳಿತಿದೆ ಎಂಬ ಲೆಕ್ಕ. ಆದ್ದರಿಂದ ಯಾವ ಲೇಯರ್‌ನದು ಎಂದು ಹೇಳದೆ ಬರಿಯ ಪೊಸಿಷನ್ ಹೇಳಿದರೆ ಅದಕ್ಕೆ ಅರ್ಥವೇ ಇರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಡೇಟಾ ಲೇಯರ್‌ನಲ್ಲಿ ಹೆಸರು 0, ವಿಳಾಸ 1, ದೂರವಾಣಿ 2, ಮೊತ್ತ 3, ದಿನಾಂಕ 4 ಎಂದಿರಲಿ. ಬಳಕೆದಾರರು ದಿನಾಂಕವನ್ನು ಎಳೆದು ಮುಂದಕ್ಕೆ ತಂದರೆ ರೀಆರ್ಡರ್ ಲೇಯರ್‌ನಲ್ಲಿ ಇಂಡೆಕ್ಸ್‌ಗಳ ಕ್ರಮ 4, 0, 1, 2, 3 ಆಗುತ್ತದೆ. ವಿಳಾಸವನ್ನು ಮರೆಮಾಡಿದರೆ ಹೈಡ್‌ಶೋ ಲೇಯರ್‌ನಲ್ಲಿ 4, 0, 2, 3 ಮಾತ್ರ ಉಳಿಯುತ್ತವೆ. ಎರಡು ಕಾಲಮ್‌ನಷ್ಟು ಪಕ್ಕಕ್ಕೆ ಸ್ಕ್ರೋಲ್ ಮಾಡಿದರೆ ವ್ಯೂಪೋರ್ಟ್‌ನಲ್ಲಿ ಕಾಣುವುದು 2 ಮತ್ತು 3. ಎಲ್ಲಕ್ಕೂ ಮೇಲಿನ ಗ್ರಿಡ್‌ನಲ್ಲಿ ರೋ ಹೆಡರ್ ಒಂದು ಸ್ಥಾನ ಹಿಡಿಯುವುದರಿಂದ, ಮೊತ್ತದ ಮೇಲೆ ಕ್ಲಿಕ್ ಮಾಡಿದಾಗ ನಿಮಗೆ ಸಿಗುವ ಪೊಸಿಷನ್ 2. ಅದನ್ನೇ ಇಂಡೆಕ್ಸ್ ಎಂದುಕೊಂಡರೆ ದೂರವಾಣಿ ಬರುತ್ತದೆ. 1 ಕಳೆದರೆ ಪರದೆಯ ಮೇಲೆ ಇಲ್ಲವೇ ಇಲ್ಲದ ವಿಳಾಸ ಬರುತ್ತದೆ.

ಲೇಯರ್‌ಯುಟಿಲ್ ಕ್ಲಾಸಿನ ಕನ್ವರ್ಟ್‌ಕಾಲಮ್‌ಪೊಸಿಷನ್, ಕನ್ವರ್ಟ್‌ರೋಪೊಸಿಷನ್ ಮೆಥಡ್‌ಗಳು ಇದಕ್ಕಾಗಿಯೇ ಇವೆ. ಮೂಲ ಲೇಯರ್, ಅದರಲ್ಲಿನ ಪೊಸಿಷನ್, ಗುರಿಯ ಲೇಯರ್, ಈ ಮೂರನ್ನು ಕೊಟ್ಟರೆ ಅವು ಮೊದಲು ಮೂಲ ಲೇಯರ್‌ನಿಂದ ಇಂಡೆಕ್ಸ್ ಪಡೆದು, ಆ ಇಂಡೆಕ್ಸ್ ಗುರಿಯ ಲೇಯರ್‌ನಲ್ಲಿ ಎಲ್ಲಿದೆ ಎಂದು ಕೇಳಿ ಉತ್ತರ ಕೊಡುತ್ತವೆ. ಡೇಟಾ ಲೇಯರ್‌ನಿಂದ ಹೈಡ್‌ಶೋ ಲೇಯರ್‌ಗೆ ವಿಳಾಸವನ್ನು ಹುಡುಕಿದರೆ -1 ಬರುತ್ತದೆ, ಆದ್ದರಿಂದ -1 ಬಂತೇ ಎಂದು ಪರೀಕ್ಷಿಸುವುದನ್ನು ಬಿಡಬೇಡಿ. ಗ್ರಿಡ್ ಲೇಯರ್ ಇಲ್ಲಿ ಗುರಿಯಾಗಲಾರದು, ಏಕೆಂದರೆ ಹೆಡರ್ ಮತ್ತು ಬಾಡಿ ಎರಡರಲ್ಲೂ ಅದೇ ಇಂಡೆಕ್ಸ್ ಇರಬಹುದು. ಗುರಿಯಾಗುವ ಲೇಯರ್ ಯುನೀಕ್ ಇಂಡೆಕ್ಸ್ ಲೇಯರ್, ಅಂದರೆ ಒಂದು ಇಂಡೆಕ್ಸ್ ಒಮ್ಮೆ ಮಾತ್ರ ಬರುವ ಲೇಯರ್ ಆಗಿರಲೇಬೇಕು.

ಸಾಲುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕಾಲಮ್ ಹೆಡರ್‌ನ ಸಾಲಿಗೂ ತನ್ನದೇ ಇಂಡೆಕ್ಸ್ 0 ಇರುವುದರಿಂದ, ಶೀರ್ಷಿಕೆಯ ಮೇಲೆ ಕ್ಲಿಕ್ ಮಾಡಿದರೂ ಪರಿವರ್ತನೆ ಸದ್ದಿಲ್ಲದೆ ಮೊದಲ ದಾಖಲೆಯನ್ನು ತೋರಿಸಬಹುದು. ಹಾಗಾಗಿ ಕ್ಲಿಕ್ ಆದದ್ದು ಬಾಡಿ ರೀಜನ್‌ನಲ್ಲೇ (ದಾಖಲೆಗಳಿರುವ ಭಾಗದಲ್ಲೇ) ಎಂದು ರೀಜನ್ ಲೇಬಲ್ ನೋಡಿ ಖಚಿತಪಡಿಸಿಕೊಂಡ ಮೇಲಷ್ಟೇ ಮುಂದುವರಿಯಿರಿ. ಇನ್ನು ಗ್ಲೇಜ್ಡ್ ಲಿಸ್ಟ್ಸ್ ಎಂಬ ಪಟ್ಟಿಗಳ ಲೈಬ್ರರಿ ಬಳಸಿ ಸಾರ್ಟ್ ಅಥವಾ ಫಿಲ್ಟರ್ ಮಾಡುತ್ತಿದ್ದರೆ ಆ ಕೆಲಸ ಡೇಟಾ ಲೇಯರ್‌ಗಿಂತ ಕೆಳಗೆ, ಪಟ್ಟಿಯಲ್ಲಿಯೇ ನಡೆಯುತ್ತದೆ, ಅಂದರೆ ಸಾರ್ಟ್ ಬದಲಾದೊಡನೆ ಸಾಲಿನ ಇಂಡೆಕ್ಸ್ ಕೂಡ ಬದಲಾಗುತ್ತದೆ. ಹಿಂದೊಮ್ಮೆ ನಾನು ತಿದ್ದುಪಡಿಯ ಡೈಲಾಗ್ ತೆರೆಯುವಾಗ ಸಾಲಿನ ಇಂಡೆಕ್ಸ್ ಅನ್ನು ಎತ್ತಿಟ್ಟುಕೊಂಡಿದ್ದೆ. ಡೈಲಾಗ್ ಮುಚ್ಚುವಷ್ಟರಲ್ಲಿ ಹೊಸ ದಾಖಲೆ ಬಂದು ಪಟ್ಟಿ ಮರುಜೋಡಣೆಯಾಗಿ, ಒಬ್ಬ ಗ್ರಾಹಕರ ಮೊತ್ತ ಇನ್ನೊಬ್ಬರ ಲೆಕ್ಕಕ್ಕೆ ಸೇರಿಹೋಯಿತು. ಅಂದಿನಿಂದ ಕ್ಲಿಕ್ ಆದ ಕ್ಷಣದಲ್ಲೇ ಇಂಡೆಕ್ಸ್ ಪಡೆದು, ರೋ ಡೇಟಾ ಪ್ರೊವೈಡರ್‌ನ ಗೆಟ್‌ರೋಆಬ್ಜೆಕ್ಟ್ ಕರೆದು, ಆಬ್ಜೆಕ್ಟನ್ನೇ ಮುಂದಕ್ಕೆ ಒಯ್ಯುತ್ತೇನೆ. ನಿಮ್ಮ ಅಳಿಸುವ ಮೆನುವಿಗೂ ಇದನ್ನೇ ಅನುಸರಿಸಿ. ಕಾಲಮ್‌ಗೆ ಇಂಡೆಕ್ಸ್ ಸಾಕು.