ಮೊದಲು ಷೂಬರ್ಟ್, ಕೊನೆಗೆ ಪಾಪ್: ಈ ಕ್ರಮ ಬೇಡ

ಪಾಶ್ಚಾತ್ಯ ಸಂಗೀತ ಕೇಳಲು, ಹತ್ತೊಂಬತ್ತನೇ ಶತಮಾನದ ಯುರೋಪಿನ ರೊಮ್ಯಾಂಟಿಕ್ (ಭಾವಪ್ರಧಾನ) ಶೈಲಿಯ ಷೂಬರ್ಟ್, ಶೋಪಾನ್‌ನಿಂದ ಶುರು ಮಾಡಿ, ಒಂದೊಂದೇ ಕಾಲ ಮುಗಿಸುತ್ತಾ ಜಾಝ್, ರಾಕ್, ಪಾಪ್‌ವರೆಗೆ ಬರುತ್ತೇನೆ, ಈ ಕ್ರಮ ಸರೀನಾ ಅಂತ ಕೇಳಿದ್ದೀರಿ. ಸರಿಯಿಲ್ಲ. ನಾನು ಇದನ್ನೇ ಮಾಡಿ ಮೂರು ವರ್ಷ ಕಳೆದುಕೊಂಡೆ.

ಮೈಸೂರಿನ ಮನೆಯಲ್ಲಿ ಗೋಡೆಗೆ ಡ್ರಾಯಿಂಗ್ ಶೀಟ್ ಅಂಟಿಸಿ ಉದ್ದಕ್ಕೆ ಒಂದು ಗೆರೆ ಎಳೆದಿದ್ದೆ. ಎಡತುದಿಗೆ ಷೂಬರ್ಟ್, ಆಮೇಲೆ ಶೋಪಾನ್, ಲಿಸ್ಟ್, ವಾಗ್ನರ್, ಡೆಬುಸಿ. 1913ಕ್ಕೆ ಸ್ಟ್ರಾವಿನ್‌ಸ್ಕಿ, 1924ಕ್ಕೆ ಜಾಝ್ ಬೆರೆಸಿ ಬರೆದ ಗರ್ಶ್ವಿನ್, ಅಲ್ಲಿಂದ ಎಲ್ವಿಸ್, ಬೀಟಲ್ಸ್. ಒಂದು ಹೆಸರು ಮುಗಿಯದೆ ಮುಂದಿನದನ್ನು ಕೇಳಬಾರದು ಅಂತ ನನಗೆ ನಾನೇ ನಿಯಮ ಹಾಕಿಕೊಂಡಿದ್ದೆ. ಜೊತೆಗೆ ಪಿಯಾನೊ ಗ್ರೇಡ್ ಪರೀಕ್ಷೆಗಳು. ಮೂರನೇ ವರ್ಷವೂ ನಾನು ಡೆಬುಸಿ ದಾಟಿರಲಿಲ್ಲ.

ಆಗ ಕೆಲಸಕ್ಕೆ ಬೆಂಗಳೂರಿಗೆ ಬಂದೆ. ಪರಿಚಯದ ನಾಲ್ಕು ಜನ ವಾರಾಂತ್ಯದಲ್ಲಿ ಸೇರಿ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ) ನುಡಿಸುತ್ತಿದ್ದರು, ಅವರಿಗೆ ಕೀಬೋರ್ಡ್‌ಗೆ ಒಬ್ಬರು ಬೇಕಿತ್ತು. ಹನ್ನೆರಡು ಬಾರ್ (ತಾಳದ ಆವರ್ತ), ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಶೋಪಾನ್ ನುಡಿಸುವವನಿಗೆ ಇದೇನು ಕಷ್ಟ ಅಂತ ಹೋದೆ. ಮೊದಲ ದಿನವೇ ನೊಟೇಶನ್ ಕೇಳಿದೆ. ಅವರ ಹತ್ತಿರ ಇರಲಿಲ್ಲ. ನಾನೇ ಬರೆದುಕೊಂಡು ಹೋದೆ. ನುಡಿಸಿದರೆ ಕವಾಯತಿನ ಥರ ಕೇಳುತ್ತಿತ್ತು. ಡ್ರಮ್ಸ್ ಬಾರಿಸುವವನು ಮೂರು ಸಲ ನಿಲ್ಲಿಸಿದ. "ಸ್ವರ ಎಲ್ಲಾ ಸರಿ ಇದೆ ಕಣೋ, ಆದ್ರೆ ನೀನು ನಮ್ ಜೊತೆ ಇಲ್ಲ" ಅಂದ. ಮೂರು ವಾರದ ಮೇಲೆ ಬೇರೆಯವರನ್ನು ಸೇರಿಸಿಕೊಂಡರು. ಅದು ಇವತ್ತಿಗೂ ನೋವು.

ಪ್ರಾಕ್ಟೀಸ್ ಸಾಲದೆ ಹೀಗಾಯಿತು ಅಂತ ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ತಪ್ಪಿದ್ದದ್ದು ಆ ಗೆರೆಯಲ್ಲಿ. ಸ್ಟ್ರಾವಿನ್‌ಸ್ಕಿ ಆದಮೇಲೆ ಗರ್ಶ್ವಿನ್ ಅಂತ ಬರೆದ ಕೂಡಲೇ, ಜಾಝ್ ಅಂದರೆ ಯುರೋಪಿನ ಸಂಗೀತಕ್ಕೆ ಸ್ವಲ್ಪ ಲಯ ಸೇರಿಸಿದ್ದು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ಲಯ ಎಲ್ಲಿಂದ ಬಂತು ಅಂತ ನಾನು ಕೇಳಲೇ ಇಲ್ಲ. ಗುಲಾಮರಾಗಿದ್ದ ಕಪ್ಪು ಜನರ ಭಕ್ತಿಗೀತೆಗಳನ್ನು ಫಿಸ್ಕ್ ಜುಬಿಲಿ ಸಿಂಗರ್ಸ್ ಎಂಬ ಗಾಯಕರ ತಂಡದವರು 1871ರಿಂದಲೇ ಊರೂರಿಗೆ ಹಾಡುತ್ತಾ ಹೋಗಿದ್ದರು. ಆಗ ವಾಗ್ನರ್ ಬದುಕಿದ್ದ. ಯುರೋಪಿನ ಚೆಕ್ ಸಂಗೀತಗಾರ ಡ್ವೊರ್ಜಾಕ್ 1892ರಲ್ಲಿ ನ್ಯೂಯಾರ್ಕಿಗೆ ಬಂದಾಗ ಹ್ಯಾರಿ ಬರ್ಲಿ ಎಂಬ ಕಪ್ಪು ವಿದ್ಯಾರ್ಥಿ ತನ್ನ ತಾತನಿಂದ ಕಲಿತ ಹಾಡುಗಳನ್ನು ಅವನಿಗೆ ಹಾಡಿ ತೋರಿಸುತ್ತಿದ್ದ. ಅಮೆರಿಕದ ಸಂಗೀತ ಈ ಹಾಡುಗಳ ಮೇಲೆಯೇ ನಿಲ್ಲಬೇಕು ಅಂತ ಡ್ವೊರ್ಜಾಕ್ ಮರುವರ್ಷವೇ ಪತ್ರಿಕೆಗೆ ಹೇಳಿದ. ಸ್ಕಾಟ್ ಜಾಪ್ಲಿನ್‌ನ ಹೆಸರಾಂತ ರ‍್ಯಾಗ್‌ಟೈಮ್ (ಲಯಪ್ರಧಾನ ಪಿಯಾನೊ ಶೈಲಿ) ಕೃತಿ 1899ರಲ್ಲೇ ಅಚ್ಚಾಗಿತ್ತು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ಬ್ಲೂಸ್ ರೆಕಾರ್ಡ್ ಭರ್ಜರಿಯಾಗಿ ಮಾರಾಟವಾಗಿತ್ತು. ಇದೆಲ್ಲಾ ನನ್ನ ಗೆರೆಯ ನಡುವೆಯೇ ನಡೆದದ್ದು, ಆದರೆ ಆ ಶೀಟಿನಲ್ಲಿ ಇದಕ್ಕೆ ಒಂದಿಂಚೂ ಜಾಗ ಇರಲಿಲ್ಲ.

ಕಿವಿಯ ವಿಷಯವೂ ಅಷ್ಟೇ. ಬ್ಲೂಸ್ ಹಾಡುವವರು ಎರಡು ಗಾಂಧಾರಗಳ ನಡುವೆ ಎಲ್ಲೋ ಜಾರಿ ನಿಲ್ಲುತ್ತಾರೆ. ಪಿಯಾನೊದಲ್ಲಿ ಆ ಜಾಗಕ್ಕೆ ಕೀಲಿಯೇ ಇಲ್ಲ. ಅಕ್ಕಪಕ್ಕದ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ, ಒಂದರಿಂದ ಬೆರಳು ಜಾರಿಸಬೇಕು. ವೀಣೆ ಕೇಳಿಕೊಂಡು ಬೆಳೆದವನು ನಾನು. ಗಮಕವನ್ನು ಯಾರಾದರೂ ಪುಸ್ತಕ ನೋಡಿ ಕಲಿಯುತ್ತಾರಾ? ಗುರುಗಳ ಮುಂದೆ ಕೂತು ಕೇಳಿಯೇ ಕಲಿಯಬೇಕು. ಅದು ಗೊತ್ತಿದ್ದೂ ಇಲ್ಲಿ ಕಾಗದವನ್ನು ನಂಬಿದೆ.

ಇನ್ನೊಂದು ವಿಷಯ ನಮ್ಮೂರಿನದು. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ 1948ರಲ್ಲಿ ನಾಲ್ಕು ಹಾಡು ಬರೆದ, ಪೂರ್ತಿ ರೊಮ್ಯಾಂಟಿಕ್ ಶೈಲಿಯವು. 1950ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವುಗಳ ಮೊದಲ ಕಛೇರಿ ನಡೆದದ್ದು ಜಯಚಾಮರಾಜೇಂದ್ರ ಒಡೆಯರ್ ಅವರ ಹಣದ ನೆರವಿನಿಂದ. ಅದೇ ವರ್ಷ ಶಿಕಾಗೊದಲ್ಲಿ ಮಡ್ಡಿ ವಾಟರ್ಸ್ ಹಾಡಿದ ಒಂದು ಬ್ಲೂಸ್ ರೆಕಾರ್ಡ್ ಬಂತು. ಹನ್ನೆರಡು ವರ್ಷದ ಮೇಲೆ ಲಂಡನ್ನಿನ ಕೆಲವು ಹುಡುಗರು ಆ ಹಾಡಿನ ಹೆಸರಿನಿಂದಲೇ ತಮ್ಮ ತಂಡವನ್ನು ರೋಲಿಂಗ್ ಸ್ಟೋನ್ಸ್ ಅಂತ ಕರೆದುಕೊಂಡರು. ಒಂದು ಮುಗಿದ ಮೇಲೆ ಇನ್ನೊಂದು ಅನ್ನುವುದಾದರೆ 1950ನ್ನು ಎಲ್ಲಿ ಇಡುತ್ತೀರಿ?

ರೊಮ್ಯಾಂಟಿಕ್ ಸಂಗೀತ ಕಳೆದುಹೋಗಲಿಲ್ಲ, ಸಿನಿಮಾಕ್ಕೆ ಹೋಯಿತು. ವಿಯೆನ್ನಾದ ಬಾಲಪ್ರತಿಭೆ ಕಾರ್ನ್‌ಗೋಲ್ಡ್ 1930ರ ದಶಕದಲ್ಲಿ ಹಾಲಿವುಡ್‌ನಲ್ಲಿ ಬರೆದದ್ದು ಅದೇ ದೊಡ್ಡ ವಾದ್ಯವೃಂದದ ಸಂಗೀತ. ಪಾಪ್ ಹಾಡು ಮೂರು ನಿಮಿಷಕ್ಕೆ ನಿಂತದ್ದಕ್ಕೂ ಕಲೆಯ ಕಾರಣ ಕಡಿಮೆ. ಹತ್ತಿಂಚಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದೇ ಸುಮಾರು ಅಷ್ಟು. ಅಭಿಮಾನಿಗಳ ಹುಚ್ಚು ಕೂಡ ಎಲ್ವಿಸ್‌ನಿಂದ ಶುರುವಾದದ್ದಲ್ಲ, 1840ರ ದಶಕದಲ್ಲೇ ಜನ ಲಿಸ್ಟ್‌ಗಾಗಿ ಮುಗಿಬೀಳುತ್ತಿದ್ದರು.

ಹಾಗಾಗಿ ಮುಂದಕ್ಕೆ ಬರಬೇಡಿ, ಹಿಂದಕ್ಕೆ ಹೋಗಿ. ಈಗ ಇಷ್ಟವಾಗುವ ಒಂದು ಹಾಡು ಹಿಡಿಯಿರಿ. ಅದರ ತಾಳ ಯಾರದು, ಕಾರ್ಡ್‌ಗಳು ಯಾರವು, ಹಾಡುವ ರೀತಿ ಯಾರದು ಅಂತ ಬೇರೆ ಬೇರೆಯಾಗಿ ಹುಡುಕಿ. ಒಂದು ದಾರಿ ವಿಯೆನ್ನಾಕ್ಕೆ ಹೋಗಬಹುದು, ಇನ್ನೊಂದು ಮಿಸಿಸಿಪ್ಪಿಗೆ. ಒಂದೇ ಸಂಜೆ ಶೋಪಾನ್, ಮಡ್ಡಿ ವಾಟರ್ಸ್ ಇಬ್ಬರನ್ನೂ ಕೇಳಿ. ವಾದ್ಯ ನುಡಿಸುವವರಾದರೆ ನೊಟೇಶನ್ ಮುಚ್ಚಿಡಿ, ರೆಕಾರ್ಡ್ ಹಾಕಿ ಮೊದಲು ಬಾಯಲ್ಲಿ ಹಾಡಿ, ಆಮೇಲೆ ಬೆರಳಿಗೆ ತನ್ನಿ. ನನಗೆ ಆ ಹನ್ನೆರಡು ಬಾರ್ ಕೊನೆಗೂ ಬಂದದ್ದು ಹಾಗೆಯೇ, ಅದಕ್ಕೆ ಸುಮಾರು ಎಂಟು ತಿಂಗಳು ಹಿಡಿಯಿತು.

ನೀವು ದಿನಾ ಕೇಳುವ ಒಂದು ಹಾಡು ಯಾವುದು ಅಂತ ಬರೆಯಿರಿ. ಅಲ್ಲಿಂದ ಹಿಂದಕ್ಕೆ ಏನೇನು ಕೇಳಬಹುದು ಅಂತ ಹೇಳುತ್ತೇನೆ.