ಕಾಳು ಹಾಕಿದರೆ ಸಾಲದು: ನಗರದ ಹಕ್ಕಿಗಳ ಬಗ್ಗೆ ಓದುಗರ ಪ್ರಶ್ನೆಗಳು

ನಗರ ಬೆಳೆದಂತೆ ಹಕ್ಕಿಗಳ ಗತಿ ಏನಾಗುತ್ತದೆ ಎಂಬ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಪೂರ್ತಿ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮೊದಲು ಮನೆಯ ಸುತ್ತ ಗುಬ್ಬಚ್ಚಿಗಳಿದ್ದವು. ಈಗ ದಿನವೂ ಕಾಳು ಹಾಕಿದರೂ ಬರುವುದು ಪಾರಿವಾಳಗಳು ಮಾತ್ರ. ಗುಬ್ಬಿಗಳು ಕಾಣೆಯಾಗಿದ್ದು ಮೊಬೈಲ್ ಟವರಿನಿಂದಲೇ?

ಗುಬ್ಬಿಗಳು ಕಡಿಮೆಯಾಗಲು ಟವರೇ ಮುಖ್ಯ ಕಾರಣ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಯುರೋಪಿನ ದೊಡ್ಡ ನಗರಗಳಲ್ಲಿ ಅವು ಇಳಿಮುಖವಾಗಲು ಶುರುವಾಗಿದ್ದು ಮೊಬೈಲ್ ಬರುವುದಕ್ಕಿಂತ ಎಷ್ಟೋ ಮೊದಲು. ಕುದುರೆಗಾಡಿಗಳು ಹೋದವು, ಬೀದಿಯಲ್ಲಿ ಚೆಲ್ಲುತ್ತಿದ್ದ ಧಾನ್ಯವೂ ಅವುಗಳ ಜೊತೆಗೇ ಹೋಯಿತು.

ನೀವು ಹಾಕುವ ಕಾಳು ಪಾರಿವಾಳವನ್ನೇ ಸಾಕುತ್ತಿರುವುದಕ್ಕೆ ಕಾರಣವಿದೆ. ಪಾರಿವಾಳದ ಗಂಡು ಹೆಣ್ಣು ಎರಡೂ ತಾವು ಕಾಳು ತಿಂದು, ಕೊರಳಿನ ಚೀಲದಲ್ಲಿ ಒಸರುವ ಹಾಲಿನಂಥ ಪದಾರ್ಥವನ್ನು ಮರಿಗೆ ಕುಡಿಸುತ್ತವೆ. ಹಾಗಾಗಿ ಕಾಳೊಂದಿದ್ದರೆ ಅವುಗಳ ಸಂಸಾರ ನಡೆಯುತ್ತದೆ. ಗುಬ್ಬಿಯದು ಬೇರೆ. ದೊಡ್ಡ ಗುಬ್ಬಿ ಕಾಳು ತಿಂದು ಬದುಕೀತು. ಮೊಟ್ಟೆಯೊಡೆದು ಬಂದ ಮರಿಗೆ ಮೊದಲ ದಿನಗಳಲ್ಲಿ ಬೇಕಿರುವುದು ಮೆತ್ತನೆಯ ಹುಳು, ಸಸ್ಯಹೇನು, ಜೇಡ. ನೆಲಕ್ಕೆಲ್ಲ ಕಾಂಕ್ರೀಟು ಹಾಕಿ, ಉಳಿದಿದ್ದಕ್ಕೆ ಔಷಧಿ ಹೊಡೆದ ಬಡಾವಣೆಯಲ್ಲಿ ಆ ಹುಳು ಎಲ್ಲಿಂದ ಬರಬೇಕು? ಗೂಡಿನಲ್ಲೇ ಮರಿ ಹಸಿದು ಸಾಯುತ್ತದೆ, ಕೆಳಗೆ ನಿಂತು ಕಾಳು ಹಾಕುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಮಾಡಬಹುದಾದ ಕೆಲಸ ಹೀಗಿದೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗವಾದರೂ ಸಾಕು, ಹುಲ್ಲು ಬೆಳೆದು ತೆನೆ ಬಿಡಲಿ. ಕತ್ತರಿಸಲೇಬೇಕಾದರೆ ಒಮ್ಮೆ ಒಂದರ್ಧ, ಕೆಲವು ವಾರ ಬಿಟ್ಟು ಇನ್ನೊಂದರ್ಧ. ಪೂರ್ತಿ ಒಂದೇ ದಿನ ಕತ್ತರಿಸಿದರೆ ಹುಳುಗಳಿಗೆ ಓಡಲು ಜಾಗವಿರುವುದಿಲ್ಲ. ಒಂದು ಮೂಲೆಯಲ್ಲಿ ತರಗೆಲೆ ಕೊಳೆಯಲು ಬಿಡಿ. ಪಕ್ಕದಲ್ಲೇ ಆಳೆತ್ತರದ ದಟ್ಟ ಪೊದೆಯಿರಲಿ. ಬಿಜ್ಜು ಎಂಬ ಸಣ್ಣ ಗಿಡುಗ, ಬೆಕ್ಕು ಕಂಡಾಗ ಹಾರಿ ಒಳಸೇರಲು ಮರೆಯಿಲ್ಲದ ಕಡೆ ಗುಬ್ಬಿ ನೆಲಕ್ಕಿಳಿಯಲು ಅಂಜುತ್ತದೆ. ಒಂದೂವರೆ ಅಡಿ ಅಗಲ, ಮೂರು ಬೆರಳು ಆಳದ ಒಣಮಣ್ಣಿನ ಗುಂಡಿ ಮಾಡಿದರೆ ಧೂಳುಸ್ನಾನಕ್ಕೆ ಬರುತ್ತವೆ.

ಒಂದು ಎಚ್ಚರಿಕೆಯ ಮಾತು: ಲಂಡನ್ನಿನಲ್ಲಿ ಗುಬ್ಬಿಗಳಿಗೆ ಹುಳುಗಳನ್ನೇ ಒದಗಿಸಿ ನೋಡಿದಾಗ ಗೂಡುಬಿಟ್ಟ ಮರಿಗಳು ಹೆಚ್ಚಾದವು, ಆದರೆ ದೊಡ್ಡ ಗುಬ್ಬಿಗಳ ಸಂಖ್ಯೆ ಅದಕ್ಕೆ ತಕ್ಕಂತೆ ಏರಲಿಲ್ಲ. ಹುಳು ಬೇಕೇ ಬೇಕು, ಅದೊಂದೇ ಸಾಲದು.

ಪ್ರಶ್ನೆ: ಗುಬ್ಬಿಗೂಡಿನ ಪೆಟ್ಟಿಗೆ ಕಟ್ಟಿ ಎರಡು ವರ್ಷವಾಯಿತು. ಒಂದೂ ಬಂದಿಲ್ಲ. ಏನು ತಪ್ಪಾಗಿರಬಹುದು?

ಮೊದಲು ತೂತು ಅಳೆಯಿರಿ. ಗುಬ್ಬಿಗೆ 32 ಮಿಲಿಮೀಟರ್ ವ್ಯಾಸ ಸರಿ. 45 ದಾಟಿದರೆ ಗೊರವಂಕ ನುಗ್ಗಿ ಗುಬ್ಬಿಯನ್ನು ಓಡಿಸುತ್ತದೆ. ತೂತಿನ ಕೆಳಗೆ ಕೂರಲು ಕಡ್ಡಿ ಜೋಡಿಸಿದ್ದರೆ ಕಿತ್ತುಹಾಕಿ; ಗುಬ್ಬಿಗೆ ಅದು ಬೇಡ, ಮೊಟ್ಟೆ ಕದಿಯುವ ಕಾಗೆಗೆ ಮಾತ್ರ ಅನುಕೂಲ. ತೂತಿನಿಂದ ತಳಕ್ಕೆ ಕನಿಷ್ಠ 12 ಸೆಂಟಿಮೀಟರ್ ಆಳ ಬೇಕು, ಇಲ್ಲವಾದರೆ ಹೊರಗಿನಿಂದ ಕಾಲು ಚಾಚಿದ ಬೆಕ್ಕಿಗೆ ಮರಿ ಸಿಗುತ್ತದೆ.

ಹಲಗೆ 15 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಹೊರಗಿನ ಶಾಖ ಒಳಗೆ ನುಗ್ಗುತ್ತದೆ. ತಗಡು, ಪ್ಲಾಸ್ಟಿಕ್ ಡಬ್ಬಿಗಳು ಬಿಸಿಲಲ್ಲಿ ಮರಿಯನ್ನು ಬೇಯಿಸಿಬಿಡುತ್ತವೆ, ಅವನ್ನು ಕಟ್ಟಲೇಬೇಡಿ. ಒಳಗೋಡೆಗೆ ಬಣ್ಣ, ಪಾಲಿಶ್ ಬೇಡ. ತೂತಿನ ಕೆಳಗಿನ ಒಳಮೈಯಲ್ಲಿ ಮೊಳೆಯಿಂದ ಅಡ್ಡ ಗೀರುಗಳನ್ನು ಎಳೆದಿಡಿ. ಹಾರಲು ಹೊರಟ ಮರಿ ಉಗುರೂರಿ ಮೇಲೇರುವುದು ಆ ಗೀರುಗಳ ಮೇಲೆಯೇ. ನುಣುಪಾದ ಪೆಟ್ಟಿಗೆಯಲ್ಲಿ ಬಲಿತ ಮರಿಯೂ ಮತ್ತೆ ಮತ್ತೆ ಜಾರಿ ಸೋಲುತ್ತದೆ. ತಳದಲ್ಲಿ 6 ಮಿಲಿಮೀಟರಿನ ನಾಲ್ಕು ತೂತು ನೀರಿಳಿಯಲು, ಮುಚ್ಚಳದ ಕೆಳಗೆ ಸಣ್ಣ ಸಂದು ಗಾಳಿಯಾಡಲು. ಮುಚ್ಚಳ ಮುಂದಕ್ಕೆ ಐದಾರು ಸೆಂಟಿಮೀಟರ್ ಚಾಚಿರಲಿ.

ಇನ್ನು ಜಾಗ. ಮಧ್ಯಾಹ್ನದ ಬಿಸಿಲು ಬೀಳದ ಗೋಡೆ, ನೆಲದಿಂದ ಸುಮಾರು ಮೂರು ಮೀಟರ್ ಎತ್ತರ. ಗುಬ್ಬಿಗಳು ನೆರೆಹೊರೆಯಲ್ಲಿ ಗೂಡುಕಟ್ಟುವ ಹಕ್ಕಿಗಳು, ಹಾಗಾಗಿ ಒಂಟಿ ಪೆಟ್ಟಿಗೆಗಿಂತ ಹತ್ತಿರ ಹತ್ತಿರ ಮೂರು ನಾಲ್ಕು ಇಟ್ಟರೆ ಒಳ್ಳೆಯದು. ಇಷ್ಟೆಲ್ಲ ಸರಿಯಿದ್ದೂ ಖಾಲಿ ಉಳಿದರೆ, ಆಸುಪಾಸಿನಲ್ಲಿ ಗುಬ್ಬಿಗಳೇ ಇಲ್ಲ ಅಥವಾ ಮರಿಗೆ ಹುಳುವಿಲ್ಲ ಎಂದು ತಿಳಿಯಬೇಕು. ಪೆಟ್ಟಿಗೆ ಹೆಚ್ಚಿಸುವ ಬದಲು ನೆಲದ ಕಡೆ ಗಮನ ಕೊಡಿ.

ಪ್ರಶ್ನೆ: ನಮ್ಮ ಕಟ್ಟಡದ ಗಾಜಿಗೆ ಬಡಿದು ಹಕ್ಕಿಗಳು ಸಾಯುತ್ತಿವೆ. ಗಿಡುಗದ ಸ್ಟಿಕರ್ ಅಂಟಿಸಿದೆವು, ಪ್ರಯೋಜನವಾಗಲಿಲ್ಲ.

ಆಗುವುದೂ ಇಲ್ಲ. ಹಕ್ಕಿಗೆ ಆ ಸ್ಟಿಕರ್ ಗಿಡುಗನಾಗಿ ಕಾಣುವುದಿಲ್ಲ, ಅಡ್ಡ ಇರುವ ಒಂದು ಮಚ್ಚೆಯಷ್ಟೆ. ಅದನ್ನು ತಪ್ಪಿಸಿ ಪಕ್ಕದ ಖಾಲಿ ಗಾಜಿಗೆ ಹೋಗಿ ಬಡಿಯುತ್ತದೆ. ಗಾಜಿನಲ್ಲಿ ಅದು ಕಾಣುವುದು ಪ್ರತಿಫಲಿಸಿದ ಮರ, ಆಕಾಶ. ಅಲ್ಲಿಗೆ ಹೋಗಬಹುದೆಂದೇ ಹಾರಿ ಬರುತ್ತದೆ. ಅಮೆರಿಕ ಒಂದರಲ್ಲೇ ವರ್ಷಕ್ಕೆ 36 ಕೋಟಿಯಿಂದ ಸುಮಾರು 100 ಕೋಟಿ ಹಕ್ಕಿಗಳು ಹೀಗೆ ಸಾಯುತ್ತವೆಂದು 2014ರ ಅಂದಾಜು ಹೇಳುತ್ತದೆ.

ಪರಿಹಾರ ಮಚ್ಚೆಗಳ ಅಂತರದಲ್ಲಿದೆ. ತನ್ನ ಮೈ ತೂರದಷ್ಟು ಇಕ್ಕಟ್ಟು ಎಂದು ಹಕ್ಕಿಗೆ ಅನಿಸಬೇಕು. ಅದಕ್ಕಾಗಿ ಇಡೀ ಗಾಜಿನ ಮೇಲೆ, ಅಡ್ಡಕ್ಕೂ ಉದ್ದಕ್ಕೂ 5 ಸೆಂಟಿಮೀಟರಿಗಿಂತ ಹೆಚ್ಚು ಖಾಲಿ ಜಾಗ ಬಿಡದಂತೆ, ಕನಿಷ್ಠ 6 ಮಿಲಿಮೀಟರ್ ಅಗಲದ ಚುಕ್ಕಿಗಳನ್ನು ಹಾಕಿ. ಚುಕ್ಕಿಯ ಬಣ್ಣ ಗಾಜಿನ ಪ್ರತಿಬಿಂಬಕ್ಕಿಂತ ಎದ್ದು ಕಾಣುವಂತಿರಲಿ. ಇದನ್ನು ಅಂಟಿಸಬೇಕಾದ್ದು ಹೊರಮೈಗೆ. ಬಹಳಷ್ಟು ಜನ ಎಡವುವುದು ಇಲ್ಲೇ: ಒಳಗಡೆ ಅಂಟಿಸಿದ್ದನ್ನು, ಒಳಗೆ ಎಳೆದ ಪರದೆಯನ್ನು ಹೊರಗಿನ ಪ್ರತಿಬಿಂಬ ನುಂಗಿಬಿಡುತ್ತದೆ. ಖರ್ಚಿಲ್ಲದ ದಾರಿ ಬೇಕೆಂದರೆ ಗಾಜಿನ ಹೊರಗೆ, ಸುಮಾರು 10 ಸೆಂಟಿಮೀಟರಿಗೊಂದರಂತೆ ಮೇಲಿನಿಂದ ಹಗ್ಗ ಇಳಿಬಿಡಿ. ಗಾಳಿಗೆ ಅವು ಆಡುವುದರಿಂದ ಹಕ್ಕಿ ದೂರದಿಂದಲೇ ಗುರುತಿಸುತ್ತದೆ.

ಯಾವ ಗಾಜು ಅಪಾಯದ್ದು ಎಂದು ತಿಳಿಯಲು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೊರಗೆ ನಿಂತು ನೋಡಿ. ಮರ ಕಾಣುವ ಗಾಜು ಮೊದಲು, ಆಕಾಶ ಕಾಣುವುದು ಆಮೇಲೆ. ಇಡೀ ಕಟ್ಟಡಕ್ಕೆ ಒಮ್ಮೆಲೇ ಮಾಡಲಾಗದಿದ್ದರೆ ಮರದ ಎತ್ತರದವರೆಗಿನ ಕೆಳ ಅಂತಸ್ತುಗಳಿಂದ ಆರಂಭಿಸಿ. ನೀರಿನ ಬಟ್ಟಲು, ಕಾಳಿನ ತಟ್ಟೆಯನ್ನು ಗಾಜಿನಿಂದ ಒಂದು ಮೀಟರ್ ಒಳಗಿಡಿ, ಇಲ್ಲವೇ ಹತ್ತು ಮೀಟರ್ ಆಚೆ. ಹತ್ತಿರವಿದ್ದರೆ ಗಾಬರಿಯಿಂದ ಎದ್ದ ಹಕ್ಕಿಗೆ ಸಾಯುವಷ್ಟು ವೇಗ ಬಂದಿರುವುದಿಲ್ಲ. ನಡುವಿನ ದೂರವೇ ಮಾರಕ.

ಇದು ಫಲ ಕೊಡುತ್ತದೆ ಎನ್ನುವುದಕ್ಕೆ ಷಿಕಾಗೋ ಸಾಕ್ಷಿ. ಅಲ್ಲಿನ ಮೆಕ್‌ಕಾರ್ಮಿಕ್ ಪ್ಲೇಸ್ ಸಮಾವೇಶ ಕೇಂದ್ರದ ಗಾಜಿಗೆ ಬಡಿದು 2023ರ ಅಕ್ಟೋಬರಿನ ಒಂದೇ ರಾತ್ರಿ ಸುಮಾರು ಸಾವಿರ ವಲಸೆ ಹಕ್ಕಿಗಳು ಸತ್ತವು. ಮರುವರ್ಷ ಗಾಜಿಗೆ ಚುಕ್ಕಿಯ ಹಾಳೆ ಅಂಟಿಸಿದ ಮೇಲೆ ಸಾವು ಶೇ 90ಕ್ಕೂ ಹೆಚ್ಚು ಇಳಿಯಿತು.

ಬಡಿದು ಬಿದ್ದ ಹಕ್ಕಿ ಜೀವಂತವಿದ್ದರೆ ಗಾಳಿತೂತಿರುವ ರಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿ, ಕತ್ತಲೆಯ ಸದ್ದಿಲ್ಲದ ಜಾಗದಲ್ಲಿಡಿ. ನೀರು ಕುಡಿಸಬೇಡಿ, ಪದೇ ಪದೇ ಇಣುಕಬೇಡಿ. ಒಂದೆರಡು ಗಂಟೆಯ ನಂತರ ಹೊರಗೆ ಒಯ್ದು ಮುಚ್ಚಳ ತೆಗೆಯಿರಿ. ರೆಕ್ಕೆ ಜೋತಿದ್ದರೆ, ತಲೆ ವಾಲಿದ್ದರೆ ಕಾಯದೆ ಪಶುವೈದ್ಯರಲ್ಲಿಗೆ.

ಪ್ರಶ್ನೆ: ಒಂದೇ ಹಕ್ಕಿ ದಿನವೂ ಬಂದು ಕಿಟಕಿಯನ್ನು ಕುಕ್ಕುತ್ತದೆ. ಹುಚ್ಚೇ?

ಅಲ್ಲ. ಮರಿಮಾಡುವ ಕಾಲದಲ್ಲಿ ಗಾಜಿನಲ್ಲಿ ಕಾಣುವ ತನ್ನ ಬಿಂಬವನ್ನೇ ಎದುರಾಳಿ ಎಂದುಕೊಂಡು ಓಡಿಸಲು ನೋಡುತ್ತಿದೆ. ಕೆಲವು ವಾರ ಆ ಗಾಜಿನ ಹೊರಮೈಗೆ ಕಾಗದ ಅಂಟಿಸಿ ಅಥವಾ ಸೋಪಿನ ನೀರು ಬಳಿಯಿರಿ. ವಾಹನದ ಕನ್ನಡಿಯಾದರೆ ಬಟ್ಟೆಚೀಲ ತೊಡಿಸಿ.

ಪ್ರಶ್ನೆ: ರಾತ್ರಿ ದೀಪಗಳಿಂದ ಹಕ್ಕಿಗಳಿಗೇನು ತೊಂದರೆ? ಅವು ನಿದ್ದೆ ಮಾಡುತ್ತಿರುತ್ತವಲ್ಲ?

ವಲಸೆ ಹೋಗುವ ಸಣ್ಣ ಹಕ್ಕಿಗಳಲ್ಲಿ ಬಹುಪಾಲು ಹಾರುವುದೇ ರಾತ್ರಿ. ನಕ್ಷತ್ರಗಳನ್ನೂ ಭೂಮಿಯ ಕಾಂತಕ್ಷೇತ್ರವನ್ನೂ ಆಧರಿಸಿ ದಾರಿ ಹಿಡಿಯುತ್ತವೆ. ಮೋಡ ಕವಿದಾಗ ಕೆಳಗಿನ ದೀಪ ಅವನ್ನು ಸೆಳೆಯುತ್ತದೆ. ಸುತ್ತಿ ಸುತ್ತಿ ದಣಿದು ಇಳಿಯುತ್ತವೆ, ಬೆಳಗಾದಾಗ ಗಾಜಿನ ನಡುವೆ ಸಿಕ್ಕಿರುತ್ತವೆ. ನ್ಯೂಯಾರ್ಕಿನಲ್ಲಿ ಸೆಪ್ಟೆಂಬರ್ 11ರ ನೆನಪಿಗೆ ಬಾನಿಗೆ ಹಾಯಿಸುವ ಬೆಳಕಿನ ಕಂಬಗಳನ್ನು ಏಳು ವರ್ಷಗಳ ಕಾಲ ಗಮನಿಸಿದ ಅಧ್ಯಯನ, ಏಳು ರಾತ್ರಿಗಳಲ್ಲೇ ಸುಮಾರು 11 ಲಕ್ಷ ಹಕ್ಕಿಗಳ ಮೇಲೆ ಅದರ ಪರಿಣಾಮವಾಯಿತು ಎಂದು ಅಂದಾಜಿಸಿತು. ಮನಸ್ಸಿಗೆ ಧೈರ್ಯ ಕೊಡುವ ಸಂಗತಿಯೂ ಅದರಲ್ಲೇ ಇದೆ: ದೀಪ ಆರಿಸಿದ ಕೆಲವೇ ನಿಮಿಷಗಳಲ್ಲಿ ಹಕ್ಕಿಗಳು ಚದುರಿ ತಮ್ಮ ದಾರಿ ಹಿಡಿದವು. ನಗರ ಮಾಡುವ ಹಾನಿಗಳಲ್ಲಿ ಒಂದು ಗುಂಡಿ ಒತ್ತಿ ನಿಲ್ಲಿಸಬಹುದಾದದ್ದು ಬಹುಶಃ ಇದೊಂದೇ.

ವಲಸೆಯ ತಿಂಗಳುಗಳಲ್ಲಿ ರಾತ್ರಿ 11ರಿಂದ ಬೆಳಗಿನವರೆಗೆ ಅಲಂಕಾರದ ದೀಪ ಆರಿಸಿ. ಉರಿಯಲೇಬೇಕಾದ ದೀಪಕ್ಕೆ ಮೇಲ್ಗಡೆ ಮುಚ್ಚಿದ ಟೋಪಿ, ಓಡಾಟ ಗುರುತಿಸುವ ಸೆನ್ಸರ್ ಹಾಕಿಸಿ.

ಪ್ರಶ್ನೆ: ಕಾಗೆ, ಪಾರಿವಾಳ, ಗೊರವಂಕ ಎಲ್ಲೆಲ್ಲೂ ಇವೆ. ಹಕ್ಕಿಗಳು ಕಡಿಮೆಯಾಗುತ್ತಿವೆ ಎನ್ನುವುದು ಅತಿಯಾಯಿತಲ್ಲವೇ? ಆದರೂ, ಹೋದರೆ ನಮಗೇನು ನಷ್ಟ?

ಸಿಕ್ಕಿದ್ದನ್ನು ತಿಂದು, ಎಲ್ಲೆಂದರಲ್ಲಿ ಗೂಡುಕಟ್ಟುವ ಕೆಲವು ಜಾತಿಗಳು ಹೆಚ್ಚುತ್ತವೆ. ಹುಳುವನ್ನೇ, ಪೊದೆಯನ್ನೇ, ಮರದ ಪೊಟರೆಯನ್ನೇ ನಂಬಿದವು ಹೋಗುತ್ತವೆ. ಹಾಗಾಗಿ ನಿಮ್ಮ ಕಣ್ಣಿಗೆ ಹಕ್ಕಿಗಳ ಸಂಖ್ಯೆ ಇದ್ದಷ್ಟೇ ಇದೆ ಅನಿಸಬಹುದು, ಜಾತಿಗಳನ್ನು ಎಣಿಸಿ ನೋಡಿ. ಉತ್ತರ ಅಮೆರಿಕದಲ್ಲಿ 1970ರಿಂದೀಚೆಗೆ ಸುಮಾರು 300 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಗದ್ದಲವೂ ಅಡ್ಡಿಯೇ: ನೆದರ್ಲೆಂಡಿನ ಲೈಡನ್ ನಗರದಲ್ಲಿ ಗ್ರೇಟ್ ಟಿಟ್ ಹಕ್ಕಿಗಳು ವಾಹನಗಳ ಸದ್ದಿರುವ ಕಡೆ ಹೆಚ್ಚು ಕೀಚಲು ಸ್ವರದಲ್ಲಿ ಹಾಡುವುದು 2003ರಲ್ಲಿ ದಾಖಲಾಯಿತು. ಹಾಗೆ ಸ್ವರ ಏರಿಸಲಾಗದ ಜಾತಿಗೆ ಜೋಡಿ ಕರೆಯುವುದೇ ಕಷ್ಟ.

ನಷ್ಟವೇನೆಂಬುದನ್ನು ಎರಡು ಘಟನೆಗಳು ತೋರಿಸಿಕೊಟ್ಟಿವೆ. 1958ರಲ್ಲಿ ಚೀನಾ ಗುಬ್ಬಿಗಳನ್ನು ಧಾನ್ಯಗಳ್ಳರೆಂದು, ನಾಶಮಾಡಬೇಕಾದ ಪೀಡೆಗಳ ಪಟ್ಟಿಗೆ ಸೇರಿಸಿ ಕೊಲ್ಲಿಸಿತು. ಬೆಳೆ ತಿನ್ನುವ ಕೀಟಗಳಿಗೆ ತಡೆಯೇ ಇಲ್ಲದಂತಾಗಿ, 1960ರಲ್ಲಿ ಗುಬ್ಬಿಯನ್ನು ಪಟ್ಟಿಯಿಂದ ತೆಗೆದು ಅದರ ಜಾಗಕ್ಕೆ ತಿಗಣೆಯನ್ನು ಸೇರಿಸಬೇಕಾಯಿತು. ಎರಡನೆಯದು ದಕ್ಷಿಣ ಏಷ್ಯಾದ ರಣಹದ್ದುಗಳದು. ಜಾನುವಾರಿಗೆ ಕೊಡುತ್ತಿದ್ದ ಡೈಕ್ಲೊಫಿನ್ಯಾಕ್ ನೋವುನಿವಾರಕ, ಆ ಕಳೇಬರ ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿತು. ಮೂರು ಜಾತಿಗಳು ಶೇ 90ಕ್ಕಿಂತ ಹೆಚ್ಚು ಕುಸಿದವು. ಕಳೇಬರಗಳು ನಾಯಿಗಳ ಪಾಲಾದವು, ನಾಯಿಗಳು ಹೆಚ್ಚಿದವು, ರೇಬೀಸ್ ಭಯವೂ ಹೆಚ್ಚಿತು. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನಗಳು ಆ ಔಷಧವನ್ನು ಜಾನುವಾರಿಗೆ ಬಳಸುವುದನ್ನು ನಿಷೇಧಿಸಿದರೂ ಹದ್ದುಗಳು ಮೊದಲಿನಂತೆ ಚೇತರಿಸಿಕೊಂಡಿಲ್ಲ. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಯನ್ನು ಕಳೆದುಕೊಳ್ಳಲು ಹತ್ತು ವರ್ಷ ಸಾಕು, ಮರಳಿ ಪಡೆಯಲು ತಲೆಮಾರುಗಳು ಬೇಕು. ಹಕ್ಕಿಗಳು ಉಳಿಯಬೇಕಾದ್ದು ನಮ್ಮ ಲಾಭಕ್ಕೆಂದೇ ಅಲ್ಲ, ಬದುಕುವ ಹಕ್ಕು ಅವುಗಳಿಗೂ ಇದೆ. ಆದರೆ ಲಾಭವನ್ನೇ ಕೇಳುವವರಿಗೆ ಇಷ್ಟು ಲೆಕ್ಕ ಸಾಕು.

ಪ್ರಶ್ನೆ: ನೀರಿಟ್ಟರೆ ಸೊಳ್ಳೆ, ರೋಗ ಎನ್ನುತ್ತಾರೆ. ಇಡಬೇಕೋ ಬೇಡವೋ?

ಇಡಿ. ಒರಟು ತಳದ, ಅಗಲವಾದ, 3ರಿಂದ 5 ಸೆಂಟಿಮೀಟರ್ ಆಳದ ಬಟ್ಟಲು. ನಡುವೆ ನೀರಿನಿಂದ ಮೇಲೆ ಕಾಣುವಂತೆ ಒಂದು ಕಲ್ಲು. ದಿನವೂ ಚೆಲ್ಲಿ ಹೊಸ ನೀರು ತುಂಬಿದರೆ ಸೊಳ್ಳೆಗೆ ಅವಕಾಶವಿಲ್ಲ, ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ವಾರವಾದರೂ ಬೇಕು. ವಾರಕ್ಕೊಮ್ಮೆ ಬ್ರಷ್ಷಿನಿಂದ ಉಜ್ಜಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ವಾಸನೆ ಹೋಗುವಂತೆ ಜಾಲಾಡಿಸಿ, ಪೂರ್ತಿ ಒಣಗಿಸಿ. ಟ್ರೈಕೊಮೊನಾಸ್ ಎಂಬ ಪರೋಪಜೀವಿ ಒದ್ದೆ ಕಾಳು, ನೀರಿನ ಮೂಲಕ ಹಬ್ಬುತ್ತದೆ, ಬಿಸಿಲಿಗೆ ಒಣಗಿದರೆ ಸಾಯುತ್ತದೆ. ಬ್ರಿಟನ್ನಿನಲ್ಲಿ ಗ್ರೀನ್‌ಫಿಂಚ್ ಹಕ್ಕಿಗಳು 2005ರ ನಂತರ ಕುಸಿದಿದ್ದು ಇದೇ ರೋಗದಿಂದ. ಮೈ ಉಬ್ಬಿಸಿ ಮಂಕಾಗಿ ಕೂತ ಹಕ್ಕಿ ಕಂಡರೆ ಎರಡು ವಾರ ಕಾಳು, ನೀರು ಎರಡನ್ನೂ ನಿಲ್ಲಿಸಿ.

ಪ್ರಶ್ನೆ: ರಸ್ತೆ ಅಗಲಿಸಲು ಕಡಿದ ಮರಗಳಿಗೆ ಬದಲಾಗಿ ಎರಡು ಪಟ್ಟು ಸಸಿ ನೆಟ್ಟಿದ್ದಾರೆ. ಸಾಲದೇ?

ಸಾಲದು. ಕುಟ್ರುಹಕ್ಕಿ, ಮರಕುಟಿಗಗಳು ಕೊರೆಯುವುದು ಮೆದುವಾದ ಒಣಕೊಂಬೆಯನ್ನು. ಅವು ಬಿಟ್ಟುಹೋದ ಪೊಟರೆಯಲ್ಲಿ ಗಿಳಿ, ಗೂಬೆ, ಗೊರವಂಕಗಳು ಬಾಳುತ್ತವೆ. ಸಸಿಗೆ ಅಂಥ ಕೊಂಬೆ ಬರಲು ದಶಕಗಳು ಬೇಕು. ಒಣಮರ ಬೀಳುವ ಭಯವಿದ್ದರೆ ಕೊಂಬೆಗಳನ್ನಷ್ಟೇ ತೆಗೆಸಿ, ಗಟ್ಟಿಯಾಗಿರುವ ಬುಡದ ಮೂರು ನಾಲ್ಕು ಮೀಟರ್ ನಿಲ್ಲಲು ಬಿಡಿ. ಕೊಂಬೆ ಸವರುವ ಕೆಲಸವನ್ನು ಗೂಡಿನ ಕಾಲ ಮುಗಿದ ಮೇಲೆ ಇಟ್ಟುಕೊಳ್ಳುವಂತೆ ಒತ್ತಾಯಿಸಿ.

ಪ್ರಶ್ನೆ: ನೆಲಕ್ಕೆ ಬಿದ್ದ ಮರಿಯನ್ನು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವುದು ನಿಜವೇ?

ಸುಳ್ಳು. ಮನುಷ್ಯರ ವಾಸನೆಗೆ ಹೆದರಿ ಮರಿ ಬಿಟ್ಟುಹೋಗುವುದಿಲ್ಲ. ಪುಕ್ಕ ಬರದ, ನಿಲ್ಲಲಾರದ ಮರಿಯಾದರೆ ಗೂಡಿಗೇ ಮರಳಿಸಿ. ಗೂಡು ಹಾಳಾಗಿದ್ದರೆ ತಳದಲ್ಲಿ ತೂತಿರುವ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ, ಅದೇ ಮರಕ್ಕೆ, ಹಳೆಯ ಗೂಡಿನ ಒಂದೆರಡು ಮೀಟರ್ ಒಳಗೆ ಬಿಗಿಯಾಗಿ ಕಟ್ಟಿ, ದೂರದಿಂದ ಎರಡು ಗಂಟೆ ಗಮನಿಸಿ. ಪುಕ್ಕ ಬಂದು, ಮೋಟುಬಾಲದಿಂದ ಕುಪ್ಪಳಿಸುವ ಮರಿ ಬಿದ್ದಿದ್ದಲ್ಲ, ಗೂಡು ಬಿಟ್ಟು ಹೊರಟಿದ್ದು. ತಂದೆತಾಯಿ ಹತ್ತಿರದಲ್ಲೇ ಇರುತ್ತವೆ. ಪೊದೆಯ ಕೊಂಬೆಗೇರಿಸಿ, ಆ ಕೆಲವು ದಿನ ಬೆಕ್ಕನ್ನು ಒಳಗೇ ಇಟ್ಟುಕೊಳ್ಳಿ.

ಕೊಕ್ಕು ಬಿಡಿಸಿ ನೀರು ಹಾಕಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ನೀರು ನೇರ ಅಲ್ಲಿಗೆ ಇಳಿಯುತ್ತದೆ. ಬೆಕ್ಕು ಕಚ್ಚಿ ಬಿಟ್ಟ ಹಕ್ಕಿಯ ಮೈಮೇಲೆ ಗಾಯ ಕಾಣದಿದ್ದರೂ ಅದೇ ದಿನ ವೈದ್ಯರಲ್ಲಿಗೆ ಒಯ್ಯಿರಿ. ಬೆಕ್ಕಿನ ಜೊಲ್ಲಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಆ್ಯಂಟಿಬಯೋಟಿಕ್ ಇಲ್ಲದೆ ಒಂದೆರಡು ದಿನದಲ್ಲಿ ಸಾಯುತ್ತದೆ.